ನಮಗೆ ಕಾಣದ ದೀಪ

ಹಣ ತೆತ್ತು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಎಷ್ಟು ಹಕ್ಕಿದೆ? ಪೂರ್ಣ ಹಕ್ಕಿದೆ ಎಂಬುದು ಸಾಮಾನ್ಯವಾಗಿ ಎಲ್ಲರೂ ಕೊಡುವ ಉತ್ತರ. ಅಂಗಿಯನ್ನು ಕೊಂಡವನು ಅದರ ತೋಳನ್ನು ಕತ್ತರಿಸಿಕೊಳ್ಳಬಹುದು. ಮನೆ ಕಟ್ಟಿಸಿದವನು ಗೋಡೆಗೆ ತನಗೊಪ್ಪುವ ಬಣ್ಣವನ್ನು ಬಳಿಸಬಹುದು. ನೆರೆಹೊರೆಯವರು ಮೂಗು ಮುರಿದರೆ ಅದು ಅವರ ರುಚಿಗೆ ಸಂಬಂಧಿಸಿದ ಮಾತು. ಆದರೆ ಹಳೆಯ ಕಾಲದ ದಿನಸಿ ಅಂಗಡಿಯೊಂದನ್ನು ನೆನೆಯೋಣ. ಅಲ್ಲಿ ಹಿತ್ತಾಳೆಯ ಸೇರು, ಪಾವುಗಳಿದ್ದವು. ತಕ್ಕಡಿಯೂ ತೂಕದ ಕಲ್ಲುಗಳೂ ಇದ್ದವು. ಅವೆಲ್ಲವೂ ಅಂಗಡಿಯವನು ತನ್ನ ಸ್ವಂತ ಹಣದಿಂದ ಕೊಂಡವೇ. ಹಾಗೆಂದು, ಸೇರು ನೋಡಲು ಅಂದವಾಗಿಲ್ಲವೆಂದು ಅದರ ಕಂಠವನ್ನು ಅರ್ಧ ಬೆರಳಿನಷ್ಟು ಉಜ್ಜಿ ನಯಗೊಳಿಸಲು ಅವನಿಗೆ ಹಕ್ಕಿತ್ತೆ? ಮೋಸ ಮಾಡುವ ಯೋಚನೆ ಅವನಿಗೆ ಎಳ್ಳಷ್ಟೂ ಇಲ್ಲವೆಂದೇ ಇಟ್ಟುಕೊಳ್ಳಿ. ಕೇವಲ ಚೆಲುವಿಗಾಗಿ ಉಜ್ಜಿದ. ಆದರೂ ಮರುದಿನ ಅಕ್ಕಿ ಕೊಳ್ಳಲು ಬಂದ ಹೆಂಗಸಿಗೆ ಒಂದು ಹಿಡಿ ಕಡಿಮೆಯಾಗುತ್ತದೆ. ಇಂಥ ವಸ್ತುಗಳಿಗೆ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳಬೇಕೆಂಬ ನಿಯಮ ಹುಟ್ಟಿದ್ದು ಇದೇ ಕಾರಣದಿಂದ. ವಸ್ತು ಅಂಗಡಿಯವನದು, ಅದರ ಅಳತೆ ಮಾತ್ರ ಕೊಳ್ಳುವವಳದು.

ಸೇರು ಪಾವುಗಳ ಕಾಲ ಮುಗಿಯಿತು. ಆದರೆ ಒಬ್ಬನ ಸ್ವತ್ತಾಗಿದ್ದು ಇನ್ನೊಬ್ಬನ ಉಪಯೋಗಕ್ಕಾಗಿಯೇ ಇರುವ ವಸ್ತುಗಳು ಲೋಕದಿಂದ ಮರೆಯಾಗಿಲ್ಲ. ಅವುಗಳ ಪೈಕಿ ಅತ್ಯಂತ ಸಣ್ಣದಾದ ಒಂದನ್ನು ಕುರಿತು ಇಲ್ಲಿ ವಿಚಾರ ಮಾಡಬೇಕೆಂದಿದ್ದೇನೆ. ಅದು ಕಾರಿನ ನಾಲ್ಕು ಮೂಲೆಗಳಲ್ಲಿ ಮಿನುಗುವ ತಿರುವಿನ ದೀಪ, ನಾವೆಲ್ಲ ಇಂಡಿಕೇಟರ್ ಎನ್ನುವುದು. ಸಾಹಿತ್ಯ ಸಮ್ಮೇಳನದ ಸಂಚಿಕೆಗೆ ಇದೆಂಥ ವಿಷಯವೆಂದು ಹುಬ್ಬೇರಿಸುವವರು ಸ್ವಲ್ಪ ತಾಳ್ಮೆಯಿಂದಿರಬೇಕು. ದೀಪವೂ ಒಂದು ಮಾತು. ಮಾತಿನ ವಿಚಾರ ಸಾಹಿತ್ಯದಿಂದ ಹೊರಗಿನದಲ್ಲ.

ನಮ್ಮ ಕಾಸರಗೋಡಿನ ಕಡೆಯ ಅಂಗಳಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ದೃಶ್ಯ ಕಾಣುತ್ತದೆ. ಒಂದು ಬದಿಯಲ್ಲಿ ಅಡಕೆ ಒಣಗುತ್ತಿರುತ್ತದೆ. ಇನ್ನೊಂದು ಬದಿಯಲ್ಲಿ ಗೋಣಿಯ ಮೇಲೆ ಕಾರಿನ ದೀಪಗಳನ್ನು ಬಿಚ್ಚಿ ಹಾಸಿಕೊಂಡು ಮನೆಯ ಹುಡುಗ ಕುಳಿತಿರುತ್ತಾನೆ. ಅವನು ಮಾಡುತ್ತಿರುವುದಕ್ಕೆ 'ಕ್ಲಿಯರ್ ಲುಕ್' ಎಂದು ಹೆಸರು. ಇಂಡಿಕೇಟರಿನ ಹೊದಿಕೆ ಹಿಂದೆಲ್ಲ ಹಣ್ಣಡಕೆಯ ಬಣ್ಣದ್ದಾಗಿರುತ್ತಿತ್ತು. ಬಿಳಿಯ ಅಥವಾ ಬೆಳ್ಳಿಬಣ್ಣದ ಕಾರಿನ ಮೋರೆಯಲ್ಲಿ ಆ ಹಳದಿಯ ತುಂಡು ತೇಪೆ ಹಾಕಿದಂತೆ ಕಾಣುತ್ತದೆ ಎಂಬುದು ಹುಡುಗರ ದೂರು. ಆದ್ದರಿಂದ ದೀಪದ ಪೆಟ್ಟಿಗೆಯ ಅಂಚಿನ ಅಂಟನ್ನು ಬಿಸಿಗಾಳಿಯಿಂದ ಮೆತ್ತಗಾಗಿಸಿ, ಮುಂದಿನ ಪ್ಲಾಸ್ಟಿಕ್ ಗಾಜನ್ನು ಬೇರ್ಪಡಿಸಿ, ಒಳಗಿನ ಹಳದಿ ಹೊದಿಕೆಯನ್ನು ತೆಗೆದು, ಮತ್ತೆ ಅಂಟು ಸವರಿ ಮುಚ್ಚುತ್ತಾರೆ. ಅಂಟು ಸರಿಯಾಗಿ ಕೂರದಿದ್ದರೆ ಆಟಿಯ ಮಳೆಗೆ ಒಳಗೆಲ್ಲ ಮಂಜು ಕಟ್ಟುತ್ತದೆ. ಸರಿಯಾಗಿ ಕೂತರೆ ದೀಪ ಸ್ಫಟಿಕದಂತೆ ತೊಳಗುತ್ತದೆ. ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ತರಗತಿಯಲ್ಲಿ ವಿದ್ಯುತ್ತಿನ ಪಾಠಕ್ಕೆ ಆಕಳಿಸುತ್ತಿದ್ದವರು ಅಂಗಳದಲ್ಲಿ ಕುಳಿತು ಓಮ್, ವಾಟುಗಳ ಲೆಕ್ಕ ಹಾಕುವುದನ್ನು ಕಂಡಾಗ ಮೇಷ್ಟರಾಗಿದ್ದವರಿಗೆ ಸಂತೋಷವೇ ಆಗಬೇಕು. ಕೈಕೆಲಸದ ಈ ಉತ್ಸಾಹವನ್ನು ಗದರಿಸಿ ಅಡಗಿಸುವವರ ಗುಂಪಿಗೆ ನಾನು ಸೇರಿದವನಲ್ಲ.

ಪಾರದರ್ಶಕ ಹೊದಿಕೆಯಲ್ಲಿ ತಾನಾಗಿ ಯಾವ ಪಾಪವೂ ಇಲ್ಲ. ಕಾರಿನ ಕಂಪೆನಿಗಳೇ ಇಂದು ಅಂಥ ದೀಪಗಳನ್ನು ಕೂರಿಸಿ ಕಳುಹಿಸುತ್ತವೆ. ಅಲ್ಲಿ ಬಣ್ಣ ಹೊದಿಕೆಯಿಂದ ಬಲ್ಬಿಗೆ ವರ್ಗವಾಗಿರುತ್ತದೆ, ಅಷ್ಟೆ. ಹೊದಿಕೆ ಬಿಳಿ, ಬಲ್ಬು ಹಳದಿ. ಈ ವ್ಯವಸ್ಥೆಯಲ್ಲಿ ತಯಾರಕರು ಇಟ್ಟಿರುವ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಲ್ಬಿನ ಬುಡದಲ್ಲಿ ಎರಡು ಸಣ್ಣ ಪಿನ್ನುಗಳಿರುತ್ತವೆ. ಸಾಮಾನ್ಯ ಬಿಳಿ ಬಲ್ಬಿನಲ್ಲಿ ಅವು ಪರಸ್ಪರ ಎದುರುಬದುರಾಗಿ, ಅಂದರೆ 180 ಡಿಗ್ರಿಯಲ್ಲಿ ಇರುತ್ತವೆ. ಹಳದಿ ಬಲ್ಬಿನಲ್ಲಿ ಬೇಕೆಂದೇ 150 ಡಿಗ್ರಿಗೆ ಓರೆ ಮಾಡಿರುತ್ತಾರೆ. ಹಳದಿಯ ಸ್ಥಾನದಲ್ಲಿ ಬಿಳಿ ಬಲ್ಬು ಕೂರಬಾರದು ಎಂಬುದಷ್ಟೇ ಈ ಓರೆಯ ಉದ್ದೇಶ. ಯಾರೋ ಒಬ್ಬ ಶಿಲ್ಪಿ ಲೋಹದಲ್ಲಿ ಬರೆದಿಟ್ಟ ನಿಷೇಧವಾಕ್ಯ ಅದು. ಕೈಯಲ್ಲಿ ಅರವಿರುವ ಹುಡುಗ ಆ ಪಿನ್ನನ್ನು ಉಜ್ಜಿ ಬಿಳಿ ಬಲ್ಬನ್ನೇ ಕೂರಿಸುವುದುಂಟು. ಹಳದಿ ಬಲ್ಬು ಪಾರದರ್ಶಕ ಗಾಜಿನೊಳಗೆ ಮೊಟ್ಟೆಯ ಬಂಡಾರದಂತೆ ಕಾಣುತ್ತದೆ ಎಂಬುದು ಅವನ ಆಕ್ಷೇಪ.

ಹಳದಿಯೇ ಏಕಾಗಬೇಕು? ಕಾರಿನ ಬೆನ್ನಿನಲ್ಲಿ ಕೆಂಪು 'ನಿಲ್ಲುತ್ತಿದ್ದೇನೆ' ಎನ್ನುತ್ತದೆ. ಬಿಳಿ 'ಹಿಂದಕ್ಕೆ ಬರುತ್ತಿದ್ದೇನೆ' ಎನ್ನುತ್ತದೆ. ಮುಂಭಾಗದಲ್ಲಿ ಬಿಳಿ ಹೆಡ್‌ಲೈಟಿನ ಬಣ್ಣ. ಸಾಲದ್ದಕ್ಕೆ ಬಿಸಿಲಿಗೆ ಹೊಳೆಯುವ ಲೋಹದ ಬಣ್ಣವೂ ಹೌದು. ತಿರುಗುವ ಮಾತಿಗೆ ಬೇರೆಲ್ಲೂ ಬಳಕೆಯಾಗದ ಬಣ್ಣವೊಂದು ಬೇಕಾಗಿತ್ತು. ಈ ತಿಳಿವಳಿಕೆ ಒಮ್ಮೆಲೇ ಬಂದದ್ದಲ್ಲ. ಮೊದಲು ಚಾಲಕರು ಕೈಯನ್ನೇ ಹೊರಗೆ ಚಾಚುತ್ತಿದ್ದರು. ಆಮೇಲೆ ಮೋರಿಸ್ ಮೈನರಿನಂಥ ಕಾರುಗಳ ಕಂಬದಿಂದ ಪುಟ್ಟ ದೀಪದ ರೆಕ್ಕೆಯೊಂದು ಅಡ್ಡಕ್ಕೆ ಏಳುತ್ತಿತ್ತು. ನಮ್ಮ ವಯಸ್ಸಿನವರಲ್ಲಿ ಕೆಲವರಿಗೆ ಅದು ನೆನಪಿರಬಹುದು. ಅಮೆರಿಕದಲ್ಲಿ ಮುಂದಿನ ಇಂಡಿಕೇಟರುಗಳು ಬಹುಕಾಲ ಬಿಳಿಯಾಗಿಯೇ ಇದ್ದು, 1963ರ ಮಾದರಿಯ ಕಾರುಗಳಿಂದ ಹಳದಿಯಾದವು. ಹಿಂದಿನ ದೀಪ ಅಲ್ಲಿ ಇಂದಿಗೂ ಕೆಂಪಾಗಿರಲು ಅವಕಾಶವಿದೆ. ಹಿಂದೆಯೂ ಹಳದಿ ಇರುವ ಕಾರುಗಳಿಗೆ, ತಿರುಗುವ ವೇಳೆಯಲ್ಲಿ ಹಿಂದಿನಿಂದ ಗುದ್ದಿಸಿಕೊಳ್ಳುವ ಪ್ರಸಂಗ 5.3 ಶೇಕಡಾದಷ್ಟು ಕಡಿಮೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 2009ರಲ್ಲಿ ಲೆಕ್ಕ ಹಾಕಿತು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ದೀಪ ಹಳದಿಯಾಗಿರಬೇಕೆಂದೂ ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ 120ಕ್ಕಿಂತ ಹೆಚ್ಚಿಲ್ಲದೆ ಮಿನುಗಬೇಕೆಂದೂ ಹೇಳುತ್ತವೆ.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವೆಂಥದು ಎಂದು ನಮ್ಮ ಪೂರ್ವಿಕರು ದೀರ್ಘವಾಗಿ ವಾದಿಸಿದ್ದಾರೆ. ಆ ಸಂಬಂಧ ನಿತ್ಯವಾದುದು, ಯಾರೂ ಮಾಡಿದ್ದಲ್ಲ ಎಂದರು ಮೀಮಾಂಸಕರು. ಅದು ಸಂಕೇತದಿಂದ, ಅಂದರೆ ಒಪ್ಪಂದದಿಂದ ಬಂದದ್ದು ಎಂದರು ನೈಯಾಯಿಕರು. ಈ ದೀಪದ ಮಟ್ಟಿಗೆ ನೈಯಾಯಿಕರದೇ ಗೆಲುವು. ಹಳದಿಗೂ ಎಡಕ್ಕೆ ತಿರುಗುವುದಕ್ಕೂ ಹುಟ್ಟಿನಿಂದ ಬಂದ ನಂಟೇನಿಲ್ಲ; ಎಲ್ಲರೂ ಒಪ್ಪಿಕೊಂಡದ್ದರಿಂದ ಅದಕ್ಕೆ ಆ ಅರ್ಥ. ಆದರೆ ಒಪ್ಪಂದದಿಂದ ಹುಟ್ಟಿದ್ದೆಂದ ಮಾತ್ರಕ್ಕೆ ಅದನ್ನು ಒಬ್ಬನೇ ಮುರಿಯಬಹುದೆಂದು ಆಗುವುದಿಲ್ಲ. ಒಪ್ಪಂದದಲ್ಲಿ ಇಬ್ಬರಿರುತ್ತಾರೆ. ಆ ಇನ್ನೊಬ್ಬ ಎಲ್ಲಿದ್ದಾನೆ, ಯಾರು, ಎಂಥವನು ಎಂಬುದು ಚಾಲಕನಿಗೆ ಗೊತ್ತಿಲ್ಲ. ತಲಪಾಡಿಯಿಂದ ಕಾಲಿಕಡವಿನವರೆಗೆ ನಮ್ಮ ಜಿಲ್ಲೆಯನ್ನು ಉದ್ದಕ್ಕೆ ಸೀಳುವ ಹೆದ್ದಾರಿಯ ಬದಿಯಲ್ಲಿ ನಿಂತವರು ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಇವುಗಳಲ್ಲಿ ಯಾವುದನ್ನಾದರೂ ಆಡುವವರಿರಬಹುದು. ಬಂಗಾಳದಿಂದಲೋ ಒಡಿಶಾದಿಂದಲೋ ಕೂಲಿಗೆ ಬಂದವರಿರಬಹುದು. ಅವರೆಲ್ಲರಿಗೂ ದುಭಾಷಿಯ ಹಂಗಿಲ್ಲದೆ ತಿಳಿಯುವ ಮಾತು ಇದೊಂದೇ.

ಗಡಿನಾಡಿನವರಾದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕನ್ನಡದ ಅಕ್ಷರವಿಲ್ಲದ ಫಲಕ ಹೊತ್ತು ಬಂದ ಬಸ್ಸಿನೆದುರು, ಕನ್ನಡವನ್ನಷ್ಟೇ ಓದಬಲ್ಲ ವೃದ್ಧೆಯೊಬ್ಬಳು ಸೆರಗು ಹಿಡಿದುಕೊಂಡು, "ಇದು ಎಲ್ಲಿಗೆ ಹೋಗುವುದು ಮಗಾ?" ಎಂದು ಪಕ್ಕದವರನ್ನು ಕೇಳುವುದನ್ನು ನಾವು ಕಂಡಿದ್ದೇವೆ. ಫಲಕ ಬರೆಸಿದವರಿಗೆ ಅದು ಸ್ಪಷ್ಟವಾಗಿಯೇ ಕಂಡಿರುತ್ತದೆ. ಅಕ್ಷರಗಳು ದುಂಡಗೆ ಅಂದವಾಗಿಯೂ ಇರುತ್ತವೆ. ಬರೆಸಿದವನು ಓದಬಲ್ಲನೆಂಬುದರಿಂದ ಫಲಕದ ಕೆಲಸ ಮುಗಿಯಿತೆ? ಅದು ಅವನಿಗಾಗಿ ಬರೆದದ್ದಲ್ಲವಲ್ಲ! ಈ ವಿಷಯದಲ್ಲಿ ನಾವು ಮನವಿ ಬರೆದಿದ್ದೇವೆ, ಸಭೆ ನಡೆಸಿದ್ದೇವೆ. ಆ ಮನವಿಗಳಿಗೆ ಸಹಿ ಹಾಕಿದ ಕೈಯೇ ಅಂಗಳದಲ್ಲಿ ಕುಳಿತು, ಎದುರಿನವರು ಓದುವ ಸಂಜ್ಞೆಯನ್ನು ತನ್ನ ಕಣ್ಣಿಗೊಪ್ಪುವಂತೆ ತಿದ್ದತೊಡಗಿದರೆ ಏನೆನ್ನಬೇಕು?

ಈ ದೀಪಕ್ಕೆ ಇನ್ನೊಂದು ವಿಶೇಷವಿದೆ. ನನ್ನ ವಿಚಾರದ ತಿರುಳು ಅಲ್ಲಿಯೇ ಇದೆ. ಹೆಡ್‌ಲೈಟು ಚಾಲಕನಿಗಾಗಿ ಉರಿಯುತ್ತದೆ. ಅದು ಮಂದವಾದರೆ ರಸ್ತೆ ಅವನಿಗೇ ಕಾಣುವುದಿಲ್ಲ, ಮರುದಿನವೇ ರಿಪೇರಿಗೆ ಓಡುತ್ತಾನೆ. ಇಂಡಿಕೇಟರನ್ನು ಹಾಕಿದವನಾದರೋ ಅದನ್ನು ನೋಡಲಾರ. ನಿಲ್ಲಿಸಿದ ಕಾರಿನ ಸುತ್ತ ನಡೆದು ಅದರ ಅಂದವನ್ನು ಸವಿಯಬಲ್ಲ. ಓಡುವ ಕಾರಿನಲ್ಲಿ ಕುಳಿತು ಅದರ ಮಾತನ್ನು ಕೇಳಲಾರ. ಅವನಿಗೆ ಸಿಗುವುದು ಎದುರಿನ ಹಲಗೆಯ ಮೇಲೊಂದು ಹಸಿರು ಬಾಣ, ಕಿವಿಗೊಂದು ಟಿಕ್ ಟಿಕ್ ಸದ್ದು. ಹೊರಗೆ ನಿಜವಾಗಿ ಏನು ಉರಿಯುತ್ತಿದೆ ಎಂಬುದು ಅಪರಿಚಿತರಿಗೆ ಮಾತ್ರ ಗೊತ್ತು. ತಾನು ಆಡಿದ ಮಾತು ತನಗೇ ಕೇಳಿಸದ ಸ್ಥಿತಿ ಇದು. ಬಣ್ಣ ಬಳಿದ ಅಗ್ಗದ ಹಳದಿ ಬಲ್ಬು ತನ್ನದೇ ಶಾಖಕ್ಕೆ ಮೆಲ್ಲಮೆಲ್ಲನೆ ಬಣ್ಣ ಉದುರಿಸಿಕೊಂಡು ಕೊನೆಗೆ ಬೆಳ್ಳಗಾಗುತ್ತದೆ. ಒಡೆಯನಿಗೆ ಹಸಿರು ಬಾಣ ಅದೇ, ಸದ್ದೂ ಅದೇ.

ಹಳೆಯ ತಂತಿಬಲ್ಬಿನ ಕಾಲದ ತಯಾರಕರು ಈ ಕುರುಡಿಗೆ ಒಂದು ಪರಿಹಾರವನ್ನು ಇಟ್ಟಿದ್ದರು. ಬಲ್ಬು 21 ವಾಟಿನದು. ಅಷ್ಟು ವಿದ್ಯುತ್ತು ಹರಿಯುತ್ತಿದ್ದರೆ ರಿಲೇ ನಿಧಾನವಾಗಿ ಟಿಕ್ ಟಿಕ್ ಎನ್ನುತ್ತದೆ. ಒಂದು ಬಲ್ಬು ಸುಟ್ಟುಹೋದರೆ ಹರಿವು ಕಡಿಮೆಯಾಗಿ ಆ ಸದ್ದು ಅವಸರದ್ದಾಗುತ್ತದೆ. 'ನಿನಗೆ ಕಾಣದ ಕಡೆಯಲ್ಲಿ ಏನೋ ಕೆಟ್ಟಿದೆ, ಇಳಿದು ನೋಡು' ಎಂದು ಅರ್ಥ. ಕ್ಲಿಯರ್ ಲುಕ್ಕಿಗಾಗಿ ತಂತಿಬಲ್ಬನ್ನು ತೆಗೆದು ಎಲ್‌ಇಡಿ ಹಾಕಿದಾಗ ಅದಕ್ಕೆ ವಿದ್ಯುತ್ತು ಬಹಳ ಕಡಿಮೆ ಸಾಕಾಗುವುದರಿಂದ ರಿಲೇ ಬಲ್ಬು ಸುಟ್ಟಿದೆಯೆಂದೇ ತಿಳಿದು ಅವಸರಪಡುತ್ತದೆ. ಹುಡುಗರು ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. 6 ಓಮಿನದೊಂದು ರೆಸಿಸ್ಟರನ್ನು ಜೊತೆಗೆ ಕಟ್ಟುತ್ತಾರೆ. ಅದು ಬೆಳಕನ್ನೇನೂ ಕೊಡದೆ, ಸುಮಾರು 24 ವಾಟಿನಷ್ಟು ವಿದ್ಯುತ್ತನ್ನು ಬರಿದೆ ಕುಡಿದು ಕೈಸುಡುವಷ್ಟು ಕಾಯುತ್ತದೆ. ರಿಲೇ ಸಮಾಧಾನಗೊಳ್ಳುತ್ತದೆ. ಅಂದಿನಿಂದ ಎಲ್‌ಇಡಿ ಉರಿದರೂ ಟಿಕ್ ಟಿಕ್, ಸತ್ತರೂ ಟಿಕ್ ಟಿಕ್. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ಸಾಕ್ಷಿದಾರನನ್ನು ಬದಲಾಯಿಸಿದಂತಾಯಿತು. ಇಡಿಯ ಕಾರ್ಯದಲ್ಲಿ ನನಗೆ ಅತ್ಯಂತ ಗಂಭೀರವೆನಿಸುವುದು ಬಣ್ಣದ ಬದಲಾವಣೆಗಿಂತಲೂ ಈ ರೆಸಿಸ್ಟರು.

ನೆರೆಮನೆಯ ಹುಡುಗನೊಬ್ಬನಲ್ಲಿ, ಒಂದು ಕಾಲದಲ್ಲಿ ನನ್ನ ಶಿಷ್ಯನೂ ಆಗಿದ್ದವನಲ್ಲಿ, ಈ ಮಾತನ್ನು ಎತ್ತಿದೆ. ಅವನು ಕೈಯಲ್ಲಿದ್ದ ಗಾಜನ್ನು ಬಿಸಿಲಿಗೆ ಹಿಡಿದು, "ನೋಡ್ಲಿಕ್ಕೆ ಚಂದ ಉಂಟಲ್ಲ ಮಾಷ್ಟ್ರೇ?" ಎಂದ. ಉಂಟೆಂದು ಒಪ್ಪಿದೆ. "ಇಲ್ಲಿ ಇಂಡಿಕೇಟರ್ ಹಾಕುವವರೇ ಎಷ್ಟು ಮಂದಿ ಇದ್ದಾರೆ? ಹಾಕದವರನ್ನು ಯಾರೂ ಕೇಳುವುದಿಲ್ಲ. ಹಾಕುವ ನನ್ನ ಬಣ್ಣದ ಲೆಕ್ಕ ಮಾತ್ರ ನಿಮಗೆ ಬೇಕು!" ಎಂದು ನಕ್ಕ.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೀಪವನ್ನು ಬದಲಿಸದವರೆಲ್ಲ ಸತ್ಯವಂತರಲ್ಲ. ಇಂಡಿಕೇಟರನ್ನು ಹಾಕದೆಯೇ ತಿರುಗುವವರಿದ್ದಾರೆ. ಹಾಕಿ ಮರೆತು ಮೂರು ಮೈಲಿ ನೇರ ಹೋಗುವವರಿದ್ದಾರೆ. ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕೂ ದೀಪಗಳನ್ನು ಒಟ್ಟಿಗೆ ಮಿನುಗಿಸಿ, ನೇರ ಹೋಗುತ್ತೇನೆಂದು ಸೂಚಿಸಿದೆವೆಂದುಕೊಳ್ಳುವ ಸಜ್ಜನರೂ ಇದ್ದಾರೆ. ಅಡ್ಡರಸ್ತೆಯಲ್ಲಿ ನಿಂತವನಿಗೆ ಆ ನಾಲ್ಕರಲ್ಲಿ ತನ್ನ ಕಡೆಯವು ಮಾತ್ರ ಕಾಣುವುದರಿಂದ, ಈ ಕಾರು ತನ್ನತ್ತಲೇ ತಿರುಗುತ್ತದೆ ಎಂದು ಅವನು ತಿಳಿಯುತ್ತಾನೆ. ಹೇಳಿದ್ದು ನೇರ, ಕೇಳಿಸಿದ್ದು ತಿರುವು. ಇವರಾರೂ ಬಲ್ಬಿನ ಪಿನ್ನನ್ನು ಉಜ್ಜಿದವರಲ್ಲ. ಮಾತನ್ನು ಕೆಡಿಸಲು ನಾಲಗೆಯನ್ನು ಕತ್ತರಿಸಬೇಕೆಂದೇನೂ ಇಲ್ಲ.

ಆದರೆ ಹುಡುಗನ ವಾದದಲ್ಲಿ ಒಂದು ಬಿರುಕಿದೆ. ಇಂಡಿಕೇಟರನ್ನು ಹಾಕದವನನ್ನು ಕಂಡು ದಾಟುವವನು ಎಚ್ಚರ ತಪ್ಪುವುದಿಲ್ಲ. ಮೌನವನ್ನು ಅನುಮಾನಿಸುವುದನ್ನು ನಮ್ಮ ರಸ್ತೆಗಳು ಎಲ್ಲರಿಗೂ ಕಲಿಸಿವೆ. ಹಾಕುವವನೆಂದು ನಂಬಿಸಿ ಓದಲಾಗದಂತೆ ಹಾಕಿದವನಿಂದ ಬರುವ ಕೇಡು ಬೇರೆ ಜಾತಿಯದು. ಅದರ ಹೊರೆ ಬೀಳುವುದು ಯಾರ ಮೇಲೆ? ಚುರುಕು ಕಣ್ಣಿನ ತರುಣ ಹೇಗೋ ತಪ್ಪಿಸಿಕೊಳ್ಳುತ್ತಾನೆ. ಪೊರೆ ಬಂದ ಕಣ್ಣಿಗೆ ಬಿಳಿಯ ಬೆಳಕೆಲ್ಲ ಒಂದೇ ಚದುರಿದ ಮಂಜು. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಕಾರಿನ ಮೇಲೆ ಬಿಳಿಯ ಮಿನುಗು ಅವನಿಗೆ ಇಲ್ಲದಂತೆಯೇ. ಅವನು ಕೊಡೆ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತು ಕಾಯುತ್ತಾನೆ, ಅಥವಾ ಕಾಯದೆ ಕಾಲಿಡುತ್ತಾನೆ. ಅಂಗಳದಲ್ಲಿ ದೀಪದ ಚೆಲುವನ್ನು ಮೆಚ್ಚಿದವರ ಪೈಕಿ ಅವನಿರಲಿಲ್ಲ, ಅವನನ್ನು ಯಾರೂ ಕೇಳಿಯೂ ಇರಲಿಲ್ಲ.

ಕಾನೂನು ಈ ವಿಷಯದಲ್ಲಿ ನಿಷ್ಠುರವಾಗಿದೆ. ನೋಂದಣಿಯ ದಾಖಲೆಗೂ ತಯಾರಕರ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿದ್ದು, ಕೇರಳದಿಂದಲೇ ಹೋಗಿದ್ದ ಮೊಕದ್ದಮೆಯಲ್ಲಿ. ಅದೇ ವರ್ಷದ ತಿದ್ದುಪಡಿ ಕಾಯಿದೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ, ಎರಡನ್ನೂ ಒಟ್ಟಿಗೋ ವಿಧಿಸಲು ಅವಕಾಶ ಮಾಡಿತು. ದಂಡದ ಭಯದಿಂದ ಎಷ್ಟೋ ದೀಪಗಳು ಮೊದಲಿನ ಬಣ್ಣಕ್ಕೆ ಮರಳಬಹುದು. ಆದರೆ ಕಾನೂನಿನ ತಕ್ಕಡಿ ಒರಟು. ಸೀಟಿನ ಹೊದಿಕೆಯ ಬಣ್ಣಕ್ಕೂ ಸಂಜ್ಞೆಯ ಬಣ್ಣಕ್ಕೂ ಏನು ಅಂತರವೆಂಬುದನ್ನು ಪೋಲೀಸಿನವರು ರಸ್ತೆಬದಿಯಲ್ಲಿ ನಿಂತು ಬೋಧಿಸಲಾರರು. ಗಾಂಧೀಜಿಯವರು ಸಂಪತ್ತುಳ್ಳವನು ಸಂಪತ್ತಿನ ಧರ್ಮದರ್ಶಿ ಎಂದರು. ಅಷ್ಟು ದೊಡ್ಡ ತತ್ತ್ವವನ್ನು ಬದುಕಿಗೆ ತಂದುಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಆದರೂ ಒಂದು ಬಲ್ಬಿನಷ್ಟು ಸ್ವತ್ತಿಗೆ ಧರ್ಮದರ್ಶಿಯಾಗಿರುವುದು ಯಾರಿಗೂ ಅಸಾಧ್ಯವಲ್ಲ.

ಹಾಗಾದರೆ ಚೆಲುವಿಗೆ ಎಡೆಯೇ ಇಲ್ಲವೆ? ಇದೆ. ಕನ್ನಡದಲ್ಲಿ ದೊರೆತಿರುವ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ'ವು ಅಲಂಕಾರಗಳನ್ನು ವಿವರಿಸುವುದಕ್ಕೆ ಮೊದಲೇ, ತನ್ನ ಪ್ರಥಮ ಪರಿಚ್ಛೇದದಲ್ಲಿ, ಕಾವ್ಯದ ದೋಷಾದೋಷಗಳನ್ನು ಎತ್ತಿಕೊಳ್ಳುತ್ತದೆ. ಈ ಕ್ರಮ ಉಚಿತವಾದುದು. ಮಾತು ಮೊದಲು ಕೆಡದಿರಬೇಕು, ಒಡವೆ ಆಮೇಲಿನದು. ನಮ್ಮ ದೀಪದ ವಿಷಯದಲ್ಲಿ ಆ ಎಡೆ ಎಲ್ಲಿದೆಯೆಂಬುದೂ ಸ್ಪಷ್ಟವಾಗಿಯೇ ಇದೆ. ಉರಿಯದಿರುವಾಗ ದೀಪ ಒಡೆಯನದು. ಉರಿಯುವಾಗ ಅದು ಎದುರಿನವನದು. ಬೆಳ್ಳಿಯ ತೆಳು ಲೇಪವಿರುವ ಒಂದು ಬಗೆಯ ಬಲ್ಬುಗಳು ದೊರೆಯುತ್ತವೆ. ಆರಿದಾಗ ಕನ್ನಡಿಯಂತೆ ಕಾಣುವ ಅವು ಹೊತ್ತಿದಾಗ ಹಳದಿಯಾಗಿಯೇ ಬೆಳಗುತ್ತವೆ. ಗಾಜು ಸ್ಫಟಿಕದಂತಿರಲಿ, ಒಳಗೆ ಬೆಳ್ಳಿ ಹೊಳೆಯಲಿ. ಹೊರಗೆ ಹೊರಡುವ ಬೆಳಕಿನ ಬಣ್ಣ, ಕಾಂತಿ, ಹರಹು, ಮಿನುಗಿನ ಗತಿ ಮೊದಲಿನಂತೆಯೇ ಇದ್ದರೆ ಅದರಿಂದ ದಾರಿಹೋಕನಿಗೆ ಏನು ನಷ್ಟ? ನಿಯಮದ ಪುಸ್ತಕ ಆಗಲೂ ಗೊಣಗಬಹುದು. ಧರ್ಮಶಾಸ್ತ್ರ ಗೊಣಗದು ಎಂದು ನನ್ನ ಅಭಿಪ್ರಾಯ.

ಮೊದಲಿನಂತೆಯೇ ಇದೆಯೆಂದು ತಿಳಿಯುವುದು ಹೇಗೆಂಬುದು ಮಾತ್ರ ಸುಲಭವಲ್ಲ. ರಾತ್ರಿಯ ಹೊತ್ತು ಅಂಗಳದಲ್ಲಿ ನಾಲ್ಕಡಿ ದೂರದಿಂದ ನೋಡಿದರೆ ಯಾವ ದೀಪವೂ ಪ್ರಖರವೇ. ನಡುಹಗಲಿನಲ್ಲಿ, ಬಿಸಿಲು ಗಾಜಿನ ಮೇಲೆಯೇ ಬೀಳುವಂತೆ ಕಾರನ್ನು ನಿಲ್ಲಿಸಿ, ಐವತ್ತು ಹೆಜ್ಜೆ ಆಚೆಯಿಂದ, ನೇರವಾಗಿಯೂ ಓರೆಯಾಗಿಯೂ ನೋಡಬೇಕು. ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕುರ್ಚಿ ಹಾಕಿ ಕೂರಿಸಿ ಯಾವ ಕಡೆಯದು ಮಿನುಗುತ್ತಿದೆಯೆಂದು ಕೇಳುವುದು ಇನ್ನೂ ಒಳ್ಳೆಯದು. ಅಪ್ಪಟ ಪರೀಕ್ಷೆಯೆಂದರೆ ಅದು. ನಮ್ಮ ಹುಡುಗನಿಗೆ ಹೀಗೆಂದು ಹೇಳಿದಾಗ ಅವನು ಬೆಳ್ಳಿಲೇಪದ ಬಲ್ಬಿಗೆ ಒಪ್ಪಿದ. ರೆಸಿಸ್ಟರಿನ ಮಾತು ಬಂದಾಗ, "ಅದು ಇಲ್ಲದಿದ್ದರೆ ಎಲ್‌ಇಡಿ ಹಾಕ್ಲಿಕ್ಕೆ ಆಗುವುದಿಲ್ಲ ಮಾಷ್ಟ್ರೇ, ಆಲೋಚನೆ ಮಾಡ್ತೇನೆ" ಎಂದ. ಆಲೋಚನೆಯ ಫಲವೇನಾಯಿತೆಂದು ನಾನು ವಿಚಾರಿಸಿಲ್ಲ.

ವಿಚಾರಿಸದಿದ್ದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾರು ಒಬ್ಬನಲ್ಲಿಯೇ ಕೊನೆಯವರೆಗೆ ಇರುವ ವಸ್ತುವಲ್ಲ. ಗಲ್ಫಿಗೆ ಹೊರಡುವ ಹುಡುಗ ಅದನ್ನು ಮಾರುತ್ತಾನೆ. ಬೆಲೆಯ ಮಾತಾಗುತ್ತದೆ, ಟಯರಿನ ಸವೆತದ ಮಾತಾಗುತ್ತದೆ, ವಿಮೆಯ ಕಾಗದ ಕೈ ಬದಲಾಗುತ್ತದೆ. ಬಂಪರಿನ ಹಿಂದೆ ಕಟ್ಟಿರುವ 6 ಓಮಿನ ತುಂಡಿನ ಮಾತು ಯಾವ ಕಾಗದದಲ್ಲಿಯೂ ಬರುವುದಿಲ್ಲ. ಮೂರನೆಯ ಒಡೆಯನೊಬ್ಬ ಚೆರ್ಕಳದಿಂದ ಬದಿಯಡ್ಕ, ಪೆರ್ಲದ ಮಾರ್ಗವಾಗಿ ಕಲ್ಲಡ್ಕದ ಕಡೆಗೆ ಮಳೆಯಲ್ಲಿ ಹೋಗುತ್ತಿರುತ್ತಾನೆ. ತಿರುವು ಬರುತ್ತದೆ. ಅವನು ಕಟ್ಟುನಿಟ್ಟಿನ ಮನುಷ್ಯ, ಬಹಳ ಮೊದಲೇ ಇಂಡಿಕೇಟರನ್ನು ಹಾಕುತ್ತಾನೆ. ಹಸಿರು ಬಾಣ ಮಿನುಗುತ್ತದೆ, ಟಿಕ್ ಟಿಕ್ ಎಂದು ನಿಧಾನವಾಗಿ ಕೇಳಿಸುತ್ತದೆ, ಅವನು ತಿರುಗಿಸುತ್ತಾನೆ.